ಕಣ್ಣು ಮುಚ್ಚಿ ಕೇಳಿದ ಸಿನಿಮಾ

ರೋಮ್
ಮಾರ್ಚ್ ೧೪, ೧೯೭೭

ಪ್ರೀತಿಯ ತಂಗಿ ವಿಲ್ಮಾ,

ನಿನಗೂ ಮಕ್ಕಳಿಗೂ ಅಕ್ಕನ ಮುತ್ತುಗಳು. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಚೀಲದಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೆ, ಉತ್ತರ ಬರೆಯಲು ಮಾತ್ರ ಕೈ ಏಳಲಿಲ್ಲ. ಬೈದುಕೋ, ಬೇಜಾರಿಲ್ಲ. ನೀನು ಕಳಿಸಿದ ಹಾವುಮೀನಿನ ಡಬ್ಬಿ ತೆರೆದದ್ದೇ ತಡ, ಕೆಳಮನೆಯಾಕೆ ವಾಸನೆ ಹಿಡಿದು ಬಂದು ಎರಡು ತುಂಡು ಇಸಿದುಕೊಂಡೇ ಹೋದಳು.

ನಮ್ಮ ಸಿನಿಮಾಗಳಿಗೇನು, ಒಂದೇ ಅಡುಗೆ: ಒಂದು ಸ್ನಾನದ ಕೋಣೆ, ಒಂದು ಕೀಲಿಕಂಡಿ, ಅದಕ್ಕೆ ಕಣ್ಣಿಟ್ಟ ಒಬ್ಬ ಪೆದ್ದ ಗಂಡ. ನಟಿ ಹೊರದೇಶದವಳು, ನಮ್ಮ ಮಾತು ಬಾರದು. ಕ್ಯಾಮೆರಾ ಮುಂದೆ ಒಂದು, ಎರಡು, ಮೂರು ಎಂದು ಎಣಿಸುತ್ತಾಳೆ. ಆಮೇಲೆ ಡಬ್ಬಿಂಗ್ ಸ್ಟುಡಿಯೋದ ಕತ್ತಲಲ್ಲಿ ಪರದೆಯ ಮೇಲಿನ ಅವಳ ತುಟಿ ನೋಡುತ್ತಾ ಆ ಎಣಿಕೆಯ ಮೇಲೆ ಪ್ರೇಮದ ಮಾತು ಕೂರಿಸಬೇಕು. ಬೆತ್ತಲೆ ಅವಳದು, ನಿಟ್ಟುಸಿರು ಉಣ್ಣೆ ಸ್ವೆಟರ್ ಹಾಕಿಕೊಂಡ ನನ್ನದು. ಈಚೆಗೆ ಹೊಸ ಹುಡುಗಿಯರಿಗೆ ಕಲಿಸುವುದೂ ನನ್ನ ಪಾಲಿಗೇ ಬಂದಿದೆ.

ಊರಿನ ಥಿಯೇಟರಿನಲ್ಲಿ ಅಪ್ಪ ನನ್ನ ದನಿ ಮೊದಲ ಸಲ ಕೇಳಿದ ದಿನ ನೆನಪಿದೆಯಲ್ಲ? ಜನರ ನಡುವೆ ಎದ್ದು ನಿಂತು "ಲೈಟ್ ಹಾಕ್ರೋ! ಅದು ನನ್ನ ಮಗಳು ಕಣ್ರೋ!" ಎಂದು ಕೂಗಿದನಂತೆ. ಊರಿನ ಗಂಡಸರೆಲ್ಲ ಪರದೆಯ ಹೆಂಗಸನ್ನೂ ಅಪ್ಪನನ್ನೂ ಸರದಿಯ ಮೇಲೆ ನೋಡಿದರಂತೆ. ಅದಾದ ಮೇಲೆ ತಾನೇ ನನಗೆ ಮನೆಯ ಬಾಗಿಲು ಮುಚ್ಚಿದ್ದು? ಆರು ವರ್ಷ ನನ್ನ ಹೆಸರೆತ್ತದ ಅಪ್ಪ, ಹೊಸ ವರ್ಷದಿಂದ ಪ್ರತಿ ಭಾನುವಾರ ಮಧ್ಯಾಹ್ನ ಅದೇ ಥಿಯೇಟರಿಗೆ ಹೋಗಿ ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕೂರುತ್ತಾನೆ ಎಂದು ನೀನು ಬರೆದಿದ್ದೀಯ. ಟಿಕೆಟ್ ಹರಿಯುವ ಗ್ವೆರ್ರಿನೋ "ಕಾಸು ಕೊಟ್ಟು ಬಂದು ನಿದ್ದೆ ಹೊಡೀತೀಯಲ್ಲೋ ಮುದುಕಾ, ನೋಡೋದು ಬಿಟ್ಟು!" ಎಂದು ರೇಗಿಸಿದ್ದನ್ನು ಓದಿ ನಕ್ಕೆ. ಆದರೆ ಚರ್ಚಿನ ಬಾಗಿಲಿಗೆ 'ಈ ಚಿತ್ರ ನೋಡಬಾರದು' ಎಂದು ಚೀಟಿ ಅಂಟಿಸುವ ಪಾದ್ರಿ ಸೆತ್ತಿಮಿಯೋ ಅವರೇ ತಡೆದು ಕೇಳಿದಾಗ ಅಪ್ಪ ಕೊಟ್ಟ ಉತ್ತರವಿದೆಯಲ್ಲ, ಅಲ್ಲಿ ಮುಂದೆ ಓದಲಾಗಲಿಲ್ಲ. "ನೋಡಬಾರ್ದು ಅಂತ ತಾನೇ ಬರೆದಿದೀರಿ ಫಾದರ್? ನಾನು ನೋಡ್ತಿಲ್ಲ. ನನ್ ಮಗಳು ಮಾತಾಡ್ತಾಳೆ, ಕೇಳಿಸ್ಕೊಂಡ್ ಬರ್ತೀನಿ. ಅದೂ ಪಾಪಾನಾ?"

ಈಸ್ಟರಿಗೆ ನನ್ನನ್ನು ಕರೆಸು ಎಂದನಂತೆ. "ಬಂದು ನನ್ನೆದುರು ಕೂತು ಮಾತಾಡ್ಲಿ, ಇನ್ನೇನೂ ಬೇಡ." ಆ ಸಾಲನ್ನು ಓದಿ ಓದಿ ಕಾಗದದ ಮಡಿಕೆಯೇ ಹರಿದಿದೆ. ಬರಬೇಕೆಂಬ ಆಸೆ ನನಗಿಲ್ಲವೇ ವಿಲ್ಮಾ? ನಮ್ಮ ಕಾಲುವೆ, ಆ ಸೇತುವೆ, ಅಪ್ಪನ ಆ ಹಾಳು ತಂಬಾಕಿನ ವಾಸನೆ, ಎಲ್ಲವೂ ಬೇಕು.

ನೀನೂ ಮಕ್ಕಳೂ ತಣ್ಣಗಿರಿ. ಗಾಳಿಯಲ್ಲಿ ಟೋಪಿಯಿಲ್ಲದೆ ಅಲೆಯಲು ಅವರನ್ನು ಬಿಡಬೇಡ.

ನಿನ್ನ ಅಕ್ಕ,
ನಿವೆಸ್

ಮತ್ತೆ: ಫೋನು ಯಾಕೆ ಮಾಡುವುದಿಲ್ಲ ಎಂದು ಕೇಳಿದ್ದೀಯ. ಕಳೆದ ಬೇಸಿಗೆಯಲ್ಲಿ ಗಂಟಲಿನ ಆಪರೇಷನ್ ಆಯಿತು. ಜೀವಕ್ಕೇನೂ ಭಯವಿಲ್ಲ, ದನಿ ಮಾತ್ರ ಹೋಯಿತು. ಪಿಸುಗುಟ್ಟಬಲ್ಲೆ, ಅಷ್ಟೇ. ಹೊಸ ವರ್ಷದಿಂದ ಅಪ್ಪ ಕೇಳುತ್ತಿರುವುದು ಮಿರೆಲ್ಲಾ ಎಂಬ ಹುಡುಗಿಯ ದನಿ. ಥೇಟ್ ನನ್ನ ಹಾಗೆ ಮಾತಾಡುವಂತೆ ಪಕ್ಕದಲ್ಲಿ ಕೂತು ಕಲಿಸಿದವಳು ನಾನೇ. ಅಪ್ಪನಿಗೂ ಗೊತ್ತಾಗದಷ್ಟು ಚೆನ್ನಾಗಿ ಕಲಿತಿದ್ದಾಳೆ. ಈ ಸಂಗತಿ ನಿನ್ನಲ್ಲೇ ಇರಲಿ. ಈಸ್ಟರಿಗೆ ಬರುತ್ತೇನೆ. ರೈಲಿನಲ್ಲಿ ಶೀತವಾಗಿ ಅಕ್ಕನ ಗಂಟಲು ಕಟ್ಟಿದೆ ಎಂದು ಹೇಳಿಬಿಡು. ಊಟವಾದ ಮೇಲೆ ಅಪ್ಪ ಸಿನಿಮಾಕ್ಕೆ ಹೊರಟರೆ, ತಡೆಯಬೇಡ.