ಪಪ್ಪನ ಸ್ಕೀಗೆ ಬಳಿದ ಅಂಟು

ಮಾರ್ಚ್ ೩, ಭಾನುವಾರ

ಕೈಯಿಂದ ಅಂಟು ಇನ್ನೂ ಹೋಗಿಲ್ಲ. ಇರಲಿ.

ಏಳನೇ ವಯಸ್ಸಿಗೇ ನನ್ನ ಫುಟ್‌ಬಾಲ್ ಬಿಡಿಸಿ ಕಾಲಿಗೆ ಹಿಮದ ಮೇಲೆ ಜಾರುವ ಸ್ಕೀ ಹಲಗೆ ಕಟ್ಟಿದವರು ಪಪ್ಪ. ಹೋದ ವರ್ಷ ನಾನು ಸ್ಕೀ ಬಿಟ್ಟ ಮೇಲೆ ಮುಖ ಕೊಟ್ಟು ಮಾತಾಡಿಲ್ಲ. ಇವತ್ತು ಹಿರಿಯರ ಸ್ಕೀ ಪಂದ್ಯಕ್ಕೆ ಅವರ ಸ್ಕೀಗೆ ಮೇಣ ಹಚ್ಚೋಕೆ ಮಾತ್ರ ನಾನೇ ಬೇಕಾದೆ. ಹಚ್ಚಿದೆ. ಕರಗಿದ ಹಿಮಕ್ಕೆ ಬಳಿಯುವ ಅಂಟನ್ನು ಹೊಸ ಹಿಮ ಬಿದ್ದ ದಿನ ಬೇಕಂತಲೇ ಬಳಿದೆ.

ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಸ್ಕೀ ಅಡಿಯಲ್ಲಿ ಹಿಮ ಮುದ್ದೆಗಟ್ಟಿತು. ಪಕ್ಕದ ಮನೆಯ ಓಡ್‌ವಾರ್ ಅಜ್ಜನೂ ಅವರನ್ನು ದಾಟಿ ಹೋದ. ನಾನು ಬೇಲಿ ಹಿಡಿದು, ನನ್ನ ಪಂದ್ಯಗಳಲ್ಲಿ ಅವರು ನನಗೆ ಕೂಗುತ್ತಿದ್ದುದನ್ನೇ ಕೂಗಿದೆ: "ಅಳೋದೆಲ್ಲ ಗೆರೆ ದಾಟಿದ ಮೇಲೆ, ಪಪ್ಪಾ!"

ಅವರು ಸ್ಕೀ ತಿರುಗಿಸಿ ನೋಡಿದರು. ನನ್ನದೇ ಕೆಲಸ ಅಂತ ಅವರಿಗೆ ಗೊತ್ತಾಯಿತು. ಬೈತಾರೆ ಅಂದುಕೊಂಡರೆ ಕಣ್ಣರಳಿಸಿದರು.

"ಸುನ್ನಿವಾ, ಇಷ್ಟು ಹಟ ಇನ್ನೂ ಇದೆಯಾ ನಿಂಗೆ? ಹಾಗಾದ್ರೆ ನಾಳೆಯಿಂದ್ಲೇ ಮತ್ತೆ ಸ್ಕೀ ಅಭ್ಯಾಸ ಶುರು ಮಾಡೋಣ."

ಅವರ ಇನ್ನೊಂದು ಜೊತೆ ಸ್ಕೀ ಹೊರಗೇ ಇದೆ. ಟ್ಯೂಬಿನಲ್ಲಿ ಅರ್ಧ ಅಂಟು ಉಳಿದಿದೆ.