ಮಸೀದಿಯ ಹಿಂದಿನ ಕೋಣೆ

ಗ್ವಾಹೀರಾ
ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ಅಮ್ಮ,

ಮೊದಲು ಆಶೀರ್ವಾದ ಮಾಡು, ಆಮೇಲೆ ಬೈಯುವೆಯಂತೆ. ಆ ಅರಬರ ಅಂಗಡಿ ಬಿಟ್ಟು ಯಾವಾಗ ಬರುತ್ತೀ, ಅವರ ದೇವರೇ ಬೇರೆ, ಹೆಂಗಸರನ್ನು ಕೂಡಿಹಾಕುವ ಜನ ಎಂದು ನೀನು ಬರೆದಿದ್ದೆ. ಮೊದಮೊದಲು ನನಗೂ ಅದೇ ಭಯವಿತ್ತು. ಯಜಮಾನಿ ಸಮೀಹಾ ಕೊಟ್ಟ ಕಾಫಿಯನ್ನು ಗಿಡದ ಕುಂಡಕ್ಕೆ ಸುರಿಯುತ್ತಿದ್ದೆ. ಒಂದು ದಿನ ನೋಡಿಬಿಟ್ಟರು. "ಗಿಡಕ್ಕೆ ನಿದ್ದೇನೇ ಬರ್ತಿಲ್ಲ ಕಣೇ, ಇನ್ನಾದ್ರೂ ನೀನೇ ಕುಡಿ," ಎಂದರು.

ಆಮೇಲೆ ಧೈರ್ಯ ಬಂತು, ಒಂದೊಂದೇ ಕೇಳತೊಡಗಿದೆ. ನಿಮ್ಮ ಅಲ್ಲಾಹು ಯಾರು ಎಂದೆ. ಅರಬ್ಬಿಯಲ್ಲಿ ದೇವರಿಗೆ ಹಾಗನ್ನೋದು, ತಾವು ಹುಟ್ಟಿದ ಲೆಬನಾನಿನಲ್ಲಿ ಪಕ್ಕದ ಮನೆಯ ಕ್ರೈಸ್ತರೂ ಹಾಗೇ ಕರೆಯುತ್ತಿದ್ದರು ಎಂದರು. ಕುರಾನಿನಲ್ಲಿ ನಮ್ಮ ಮಾತೆ ಮರಿಯಳ ಹೆಸರಿನದೇ ಒಂದು ಅಧ್ಯಾಯವಿದೆಯಂತೆ, ಗೊತ್ತಾ? ತಲೆಗೆ ಬಟ್ಟೆ ಹೊದಿಸಿದ್ದು ಗಂಡನಾ ಎಂದಾಗ ನಕ್ಕರು. "ಅವರು ಹೋಗಿ ಎಷ್ಟೋ ಕಾಲವಾಯ್ತು, ನಾನಿನ್ನೂ ಹೊದೀತಿಲ್ವಾ? ಬಲವಂತ ಮಾಡೋ ಗಂಡಸರೂ ಇದ್ದಾರೆ. ನಿಮ್ಮಲ್ಲಿ ಇಲ್ವಾ?" ನನಗೆ ಅಪ್ಪನ ನೆನಪಾಯಿತು.

ಲಾರಿ ಓಡಿಸುತ್ತಿದ್ದ ಉಬಾಲ್ದೊ ಕಾಣೆಯಾದ ಮೇಲೆ ಊರು ಕೆಟ್ಟಿತು. ಅರಬರು ಅವನನ್ನು ಮಸೀದಿಯ ಹಿಂದಿನ ಕೋಣೆಯಲ್ಲಿ ಕೊಂದರಂತೆ. ಉದ್ದನೆಯ ಪೆಟ್ಟಿಗೆಯೂ ಬಿಳಿ ಬಟ್ಟೆಯೂ ಒಳಗೆ ಹೋಗಿದ್ದನ್ನು ಕಂಡವರಿದ್ದಾರಂತೆ. ನಮ್ಮ ಅರ್ನುಲ್ಫೊ ಅಣ್ಣನೇ ಬಂದ. "ಅವಳ ಜೊತೇಲೇ ಇರ್ತೀಯಲ್ಲ, ಒಳಗೇನಿದೆ ನೋಡ್ಕೊಂಡು ಬಾ," ಎಂದ.

ಕದ್ದು ನೋಡಲು ಮನಸ್ಸಾಗಲಿಲ್ಲ. ಸಮೀಹಾರನ್ನೇ ಕೇಳಿದೆ. ಅವರು ಬೀಗದ ಕೈ ತೆಗೆದುಕೊಂಡು ನನ್ನನ್ನು ಆ ಕೋಣೆಗೆ ಕರೆದೊಯ್ದರು. ಅಲ್ಲಿದ್ದದ್ದು ಒಂದು ಕಲ್ಲಿನ ಕಟ್ಟೆ, ನಲ್ಲಿ, ಕರ್ಪೂರದ ವಾಸನೆ, ಮಡಚಿಟ್ಟ ಬಿಳಿ ಬಟ್ಟೆ. "ತೀರಿಕೊಂಡೋರಿಗೆ ಸ್ನಾನ ಮಾಡಿಸೋ ಜಾಗ. ಸಾಹುಕಾರನಿಗೂ ಕೂಲಿಯವನಿಗೂ ಇದೇ ಬಟ್ಟೆ. ಪೆಟ್ಟಿಗೆ ಹೊತ್ಕೊಂಡು ಹೋಗೋಕೆ ಮಾತ್ರ. ಮಣ್ಣು ಮಾಡಿದ ಮೇಲೆ ಖಾಲಿ ವಾಪಸ್ ಬರುತ್ತೆ," ಎಂದರು. ಮತ್ತೆ ಬೀಗ ಯಾಕೆ ಎಂದೆ. "ನಿಮ್ಮಮ್ಮನಿಗೆ ಸ್ನಾನ ಮಾಡಿಸುವಾಗ ಬಾಗಿಲು ತೆಗೆದಿಡ್ತೀಯಾ?"

ಖುಷಿಯಿಂದ ಓಡಿದೆ, ಅಮ್ಮ. ಅಣ್ಣ ಮತ್ತವನ ಗೆಳೆಯರ ಮುಂದೆ ಕಂಡದ್ದನ್ನೆಲ್ಲ ಹೇಳಿದೆ. ಅವರಲ್ಲಿ ಒಬ್ಬ, "ಅಲ್ಲಿಗೆ ಹೆಣ ಬರುತ್ತೆ ಅಂತ ಇವಳೇ ಒಪ್ಕೊಂಡ್ಲಲ್ಲ!" ಎಂದ. ಸಂಜೆಯ ಹೊತ್ತಿಗೆ ಸಂತೆಯಲ್ಲೆಲ್ಲ ನನ್ನದೇ ಮಾತು. ಒದೀಲಿಯಾ ಕಣ್ಣಾರೆ ಕಂಡಳಂತೆ, ಪೆಟ್ಟಿಗೆ ತುಂಬಿ ಹೋಗಿ ಖಾಲಿ ಬರುತ್ತದಂತೆ. ಹಾಗಲ್ಲ ಎಂದು ಎದುರಾದವರಿಗೆಲ್ಲ ಹೇಳಿದೆ. ಸಂತೆಯಲ್ಲಿ ಅರೆಪಾ ರೊಟ್ಟಿ ಸುಡುವ ಹೆಂಗಸು ನನ್ನ ಕೆನ್ನೆ ಸವರಿದಳು. "ಹೆದರಿಸಿದಾರೆ ಪಾಪ, ಅದಕ್ಕೇ ಮಾತು ಬದಲಾಯಿಸ್ತಿದಾಳೆ."

ಇಂದು ಬೆಳಗ್ಗೆ ಅಣ್ಣನ ಅಂಗಳದಲ್ಲಿ ಪೆಟ್ರೋಲ್ ಡಬ್ಬಗಳನ್ನು ಸಾಲಾಗಿ ಇಟ್ಟಿದ್ದರು. "ಬಿಸಿಲು ಇಳಿದ ಮೇಲೆ ಆ ಮಸೀದಿ ಬೀದಿ ಕಡೆ ಕಾಲಿಡಬೇಡ," ಎಂದನೇ ಹೊರತು ನನ್ನ ಮುಖ ನೋಡಲಿಲ್ಲ. ಪೊಲೀಸರ ಬಳಿ ಹೋದೆ. ಅಲ್ಲಿದ್ದವನು, ಕೋಣೆಯಲ್ಲಿ ಹೆಣ ಕಂಡ ಹುಡುಗಿ ನೀನೇ ಅಲ್ವಾ ಎಂದು ಕುರ್ಚಿ ಎಳೆದುಕೊಟ್ಟ. ಪ್ರಾರ್ಥನೆ ಮುಗಿಸಿದವರು ಬೇಗ ಬೇಗ ಮನೆ ಸೇರಿದ್ದಾರೆ. ಸಮೀಹಾ ಕೂಡ ಅಂಗಡಿ ಮುಚ್ಚಿ ಮನೆಗೆ ಹೋದರು. ಗಾಳಿಗೆ ಬೀದಿಯ ಧೂಳೆಲ್ಲ ಏಳುತ್ತಿದೆ, ಒಂದು ನಾಯಿಯೂ ಹೊರಗಿಲ್ಲ.

ನೀನು ಚಿಂತೆ ಮಾಡಬೇಡ. ನಾನು ನನ್ನ ಕೋಣೆಯಲ್ಲೇ ಇದ್ದೇನೆ, ಚಿಲಕ ಹಾಕಿಕೊಂಡಿದ್ದೇನೆ. ಭಾನುವಾರದ ಬಸ್ಸಿಗೆ ಬರುತ್ತೇನೆ.

ನಿನ್ನ ಮಗಳು
ಒದೀಲಿಯಾ

ಮರೆತ ಮಾತು: ಇಲ್ಲಮ್ಮ, ನಿನಗೆ ಸುಳ್ಳು ಬರೆಯಲಾರೆ. ಸಮೀಹಾ ಮನೆಗೆ ಹೋಗಿಲ್ಲ. ಬೆಳಗ್ಗೆ ದರ್ಜಿಯ ತಾಯಿ ತೀರಿಕೊಂಡಳು, ಇಂದೇ ಮಣ್ಣು ಮಾಡಬೇಕು. ಸ್ನಾನಕ್ಕೆ ಕೈ ಜೋಡಿಸಬೇಕಿದ್ದ ಹೆಂಗಸರು ಹೆದರಿ ಬರಲಿಲ್ಲ. ಸಮೀಹಾ ಒಬ್ಬರೇ ಆ ಕೋಣೆಯಲ್ಲಿದ್ದಾರೆ. ನೀರು ತುಂಬಿಕೊಡಲು ನಾನು ಹೊರಟಿದ್ದೇನೆ. ಅಣ್ಣನಿಗೆ ಹೇಳೋಣವೆಂದು ಅವನ ಮನೆಗೆ ಹೋಗಿದ್ದೆ. ಅವನಾಗಲೇ ಹೊರಟಿದ್ದ, ಅಂಗಳದಲ್ಲಿ ಡಬ್ಬಗಳೂ ಇರಲಿಲ್ಲ. ನಾನು ಆ ಕೋಣೆಯೊಳಗೆ ಇರುತ್ತೇನೆಂದು ಅವನಿಗೆ ಗೊತ್ತಿಲ್ಲ.