ಬೇಕಂತಲೇ ಸೋತ ಮೂರು ಆಟ

ಬಿಷ್ಕೆಕ್, ಭಾನುವಾರ

ಅಪ್ಪಾ,

ಸಿಟ್ಟು ನೆತ್ತಿಗೇರಿದೆ, ಕ್ಷೇಮ ಸಮಾಚಾರ ಆಮೇಲೆ. ನಿನ್ನೆ ಆನ್‌ಲೈನಿನಲ್ಲಿ ಒಂಬತ್ತು ಗುಳಿ ಆಟ ಆಡುವಾಗ ಮೂರು ಸಲವೂ ಬೇಕಂತಲೇ ಸೋತೆಯಲ್ಲ, ನಾನೇನು ಹಾಲು ಕುಡಿಯೋ ಕೂಸಾ? "ಮೊದಲು ಎದುರಿನವರ ಒಂದು ಗುಳಿ ಹಿಡಿ ಬುರುಲ್, ಆಮೇಲೆ ಕಾಯಿ ತಾನಾಗೇ ಬಂದು ಬೀಳುತ್ತೆ" ಅಂತ ಕಲಿಸಿದವನೇ ನೀನು. ನಿನ್ನೆ ಕೈಗೆ ಸಿಕ್ಕ ಗುಳಿಯನ್ನೇ ಬಿಟ್ಟೆ. ಫೋನಿನಲ್ಲಿ ದೊಡ್ಡ ಚೆಂಡು ಸಣ್ಣ ಚೆಂಡನ್ನು ನುಂಗುವಂಥ ಮಕ್ಕಳಾಟಗಳನ್ನಾದರೆ ಕಣ್ಣು ಮುಚ್ಚಿಕೊಂಡು ಆಡಬಹುದು. ಇದರಲ್ಲಿ ಕಳ್ಳಾಟ ಎದ್ದು ಕಾಣುತ್ತೆ.

ಅಲ್ಲೇ ಕೇಳೋಣವೆಂದರೆ ಆ ಆಟದಲ್ಲಿ ಹೆಬ್ಬೆರಳಿನ ಚಿತ್ರ ಬಿಟ್ಟು ಇನ್ನೇನೂ ಕಳಿಸೋಕಾಗಲ್ಲ. ಫೋನ್ ಮಾಡಿದರೆ "ಎಲ್ಲ ಚೆನ್ನಾಗಿದೆ" ಅಂತ ಇಟ್ಟುಬಿಡ್ತೀಯ. ಅದಕ್ಕೇ ಇಲ್ಲಿಂದ ನಮ್ಮೂರು ನಾರಿನ್‌ಗೆ ವ್ಯಾನು ಓಡಿಸುವ ಬಾಕಸ್ ಮಾವನ ಕೈಯಲ್ಲಿ ಈ ಕಾಗದ. ಉತ್ತರವನ್ನೂ ಅವನ ಕೈಲೇ ಕೊಡು. ಒಣಗಿಸಿದ ಮೊಸರುಂಡೆ ಕಳಿಸಬೇಡ. ಹೋದ ಸಲದ್ದು ಬರೀ ಉಪ್ಪು, ಅದು ಅಮ್ಮನ ಕೈಯದ್ದಲ್ಲ.

ನನಗೆ ಹೇಳದೆ ಬೂದು ಕುದುರೆ ಮಾರಿದ ದಿನ ನೀನು ಒಂದಾಟ ಸೋತುಕೊಟ್ಟೆ. ಅಜ್ಜಿ ತೀರಿಕೊಂಡದ್ದನ್ನು ನನ್ನ ಪರೀಕ್ಷೆ ಮುಗಿಯೋವರೆಗೂ ಮುಚ್ಚಿಟ್ಟಾಗ ವಾರವಿಡೀ ಸೋತೆ. ಇನ್ನು ಸೋತದ್ದು ಸಾಕು, ನೇರವಾಗಿ ಬರಿ. ಅಮ್ಮ ಯಾಕೆ ಫೋನಿಗೆ ಬರ್ತಿಲ್ಲ?

ಹೀಗೆ ಗೆಲ್ಲೋಕೆ ಇಷ್ಟವಿಲ್ಲದ ನಿನ್ನ ಮಗಳು,
ಬುರುಲ್